ಅಚ್ಚಾದ ಮೇಲಿನ ಕೆಲಸ

1928ನೆಯ ಇಸವಿ ಮಾರ್ಚಿ 16ನೆಯ ತಾರೀಖು ಶುಕ್ರವಾರದಂದು, ಬೆಂಗಳೂರಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಪ್ರಾರಂಭ ಸಭೆಯಲ್ಲಿ, ಕಲ್ಕತ್ತೆಯಿಂದ ಬಂದಿದ್ದ ಪ್ರಾಧ್ಯಾಪಕ ಚಂದ್ರಶೇಖರ ವೆಂಕಟ ರಾಮನ್ನರು ‘ಒಂದು ನೂತನ ವಿಕಿರಣ’ ಎಂಬ ವಿಷಯವನ್ನು ಕುರಿತು ಉಪನ್ಯಾಸ ಮಾಡಿದರು. ದ್ರವದೊಳಗೆ ಹಾಯ್ದು ಚದರುವ ಬೆಳಕಿನಲ್ಲಿ ಮೂಲದಲ್ಲಿಲ್ಲದ ವರ್ಣವೊಂದು ಕೂಡಿಕೊಂಡು ಹೊರಡುವುದನ್ನು ಫೆಬ್ರವರಿ 28ರಂದು ನಿಸ್ಸಂದೇಹವಾಗಿ ಕಂಡು ಆಗ್ಗೆ ಮೂರು ವಾರಗಳೂ ತುಂಬಿರಲಿಲ್ಲ. ಆ ಉಪನ್ಯಾಸವು, ಅವರೇ ಎರಡು ವರ್ಷಗಳ ಹಿಂದೆ ಆರಂಭಿಸಿದ್ದ ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್ ಪತ್ರಿಕೆಯಲ್ಲಿ ಅತಿಶೀಘ್ರವಾಗಿ ಅಚ್ಚಾಯಿತು. ಅಚ್ಚಾದೊಡನೆ ಅದರ ಬಿಡಿಪ್ರತಿಗಳು ಟಪಾಲಿನ ಚೀಲಗಳಲ್ಲಿ ಸಮುದ್ರವನ್ನು ದಾಟಿ, ಪರದೇಶಗಳ ಭೌತವಿಜ್ಞಾನಿಗಳ ಮೇಜುಗಳನ್ನು ಸೇರಿದವು.

ಈ ಕಥೆಯಲ್ಲಿ ಎಲ್ಲರೂ ಮೆಚ್ಚುವುದು ಶೋಧವನ್ನು. ನಾನು ಇಂದು ವಾಚಕರ ಗಮನವನ್ನು ಸೆಳೆಯಬಯಸುವುದು ಆ ಟಪಾಲಿನ ಕಡೆಗೆ. ಕಂಡದ್ದನ್ನು ಬರೆದು, ಬರೆದದ್ದನ್ನು ಅಚ್ಚುಹಾಕಿಸಿ, ಅಲ್ಲಿಗೆ ತಮ್ಮ ಕರ್ತವ್ಯ ಮುಗಿಯಿತೆಂದು ಆ ವಿದ್ವಾಂಸರು ಸುಮ್ಮನಾಗಲಿಲ್ಲ. ಕಲ್ಕತ್ತೆಯಲ್ಲಿ ಅಚ್ಚಾದ ಪತ್ರಿಕೆಯೊಂದು ದೂರದೇಶದ ಓದುಗನ ಕೈಗೆ ತಾನಾಗಿ ನಡೆದುಹೋಗಲಾರದೆಂಬುದನ್ನು ಅವರು ಬಲ್ಲವರಾಗಿದ್ದರು. ಆ ಕಾಲದ ವಿದ್ವಲ್ಲೋಕದಲ್ಲಿ ಇದೊಂದು ಸಾಮಾನ್ಯ ಸದಾಚಾರವೇ ಆಗಿದ್ದಿತು. ಪತ್ರಿಕೆಯವರು ಲೇಖಕನಿಗೆ ಅವನ ಲೇಖನದ ಬಿಡಿಪ್ರತಿಗಳನ್ನು ಕೊಡುತ್ತಿದ್ದರು. ಎಲ್ಲಿಂದಲೋ ಅಪರಿಚಿತನೊಬ್ಬನು ‘ತಮ್ಮ ಇಂಥ ಲೇಖನದ ಪ್ರತಿಯೊಂದನ್ನು ದಯಮಾಡಿ ಕಳುಹಿಸಬೇಕು’ ಎಂದು ಕಾರ್ಡು ಬರೆದರೆ, ಲೇಖಕನು ಅದನ್ನು ಗೌರವವೆಂದು ಬಗೆದು, ತನ್ನ ಖರ್ಚಿನಲ್ಲಿ ಅಂಚೆಚೀಟಿ ಹಚ್ಚಿ ಕಳುಹಿಸುತ್ತಿದ್ದನು. ಓದುಗನು ಕೇಳಿದ್ದಕ್ಕೆ ಲೇಖಕನು ಬೆಲೆ ಕಟ್ಟುತ್ತಿರಲಿಲ್ಲ. ಓದಲಿಕ್ಕೆಂದೇ ಬರೆದವನಿಗೆ ಓದುವವನೇ ಸಂಭಾವನೆ.

ಇಂದು ಅಂಚೆಚೀಟಿಯೂ ಬೇಡ, ಕಾರ್ಡೂ ಬೇಡ. ತನ್ನ ಲೇಖನದ ಪ್ರತಿಯೊಂದನ್ನು ತನ್ನ ವಿಶ್ವವಿದ್ಯಾನಿಲಯದ ಅಂತರ್ಜಾಲ ಭಂಡಾರದಲ್ಲಿ ಒಮ್ಮೆ ಇಟ್ಟರೆ ಸಾಕು, ಲೋಕದ ಯಾವ ಮೂಲೆಯ ಓದುಗನೇ ಆಗಲಿ, ಯಾರ ಅಪ್ಪಣೆಯನ್ನೂ ಬೇಡದೆ, ಕಾಸು ಕೊಡದೆ ಅದನ್ನು ಓದಬಹುದು. ಸಂಶೋಧನಾ ಲೇಖನಗಳು ಹೀಗೆ ಸರ್ವರಿಗೂ ತೆರೆದಿರತಕ್ಕದ್ದೆಂಬ ತತ್ತ್ವಕ್ಕೆ ಮುಕ್ತ ಪ್ರವೇಶವೆಂದು ಹೆಸರು. ಲೇಖಕನು ತನ್ನ ಕೈಯಾರೆ ತನ್ನ ಲೇಖನವನ್ನು ಭಂಡಾರಕ್ಕೆ ಸೇರಿಸುವ ಕ್ರಿಯೆಗೆ ಸ್ವಯಂಸಂಗ್ರಹವೆಂದು ಹೆಸರು. ರಾಮನ್ನರ ಟಪಾಲಿಗೂ ಇದಕ್ಕೂ ಇರುವ ಅಂತರ ಸಾಧನದ್ದೇ ಹೊರತು ಧರ್ಮದ್ದಲ್ಲ. ಹೀಗಿದ್ದರೂ, ಟಪಾಲಿನ ಕಾಲದಲ್ಲಿ ಕಷ್ಟಪಟ್ಟು ಮಾಡುತ್ತಿದ್ದ ಕೆಲಸವನ್ನು ಅದು ಸುಲಭವಾದ ಕಾಲದಲ್ಲಿ ನಮ್ಮ ವಿದ್ವಾಂಸರು ಬಹುಮಟ್ಟಿಗೆ ಕೈಬಿಟ್ಟಿರುವುದೇಕೆ ಎಂಬ ಪ್ರಶ್ನೆ ಬಹುಕಾಲದಿಂದ ನನ್ನನ್ನು ಕಾಡುತ್ತಿದೆ.

ಮೊದಲು ಬಾಗಿಲು ಮುಚ್ಚಿದ ಬಗೆಯನ್ನು ಹೇಳಬೇಕು. ವಿದ್ವತ್ಪತ್ರಿಕೆಯೆಂಬುದು 1665ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಓಲ್ಡನ್‌ಬರ್ಗನು ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್ ಪತ್ರಿಕೆಯನ್ನು ಹೊರಡಿಸಿದಂದಿನಿಂದಲೂ ಒಂದು ವಿಲಕ್ಷಣ ವ್ಯವಹಾರ. ಕಾದಂಬರಿಕಾರನಿಗೆ ಗೌರವಧನವುಂಟು, ಸಂಶೋಧನಾ ಲೇಖನವನ್ನು ಬರೆದವನಿಗೆ ಪತ್ರಿಕೆಯು ಕೊಡುವುದು ಏನೂ ಇಲ್ಲ. ಅವನ ಲೇಖನ ಯೋಗ್ಯವೋ ಅಯೋಗ್ಯವೋ ಎಂದು ಪರೀಕ್ಷಿಸಿ ಹೇಳುವ ಸಹವಿದ್ವಾಂಸರಿಗೂ ಸಾಮಾನ್ಯವಾಗಿ ಕೊಡುವುದು ಏನೂ ಇಲ್ಲ. ಸಂಶೋಧನೆಯ ವೆಚ್ಚ ಸರ್ಕಾರದ್ದು, ಎಂದರೆ ಪ್ರಜೆಗಳದ್ದು, ಸಂಬಳ ವಿಶ್ವವಿದ್ಯಾನಿಲಯದ್ದು. ಇಷ್ಟೆಲ್ಲವೂ ಆಗಿ ಲೇಖನ ಅಂಗೀಕೃತವಾದ ಮೇಲೆ ಲೇಖಕನು ಒಂದು ಕಾಗದಕ್ಕೆ ರುಜು ಮಾಡಿ ತನ್ನ ಗ್ರಂಥಸ್ವಾಮ್ಯವನ್ನು ಪ್ರಕಾಶಕನಿಗೆ ಬಿಟ್ಟುಕೊಡುತ್ತಾನೆ; ಅನಂತರ ಅದೇ ವಿಶ್ವವಿದ್ಯಾನಿಲಯದ ಗ್ರಂಥಾಲಯವು ಅದೇ ಲೇಖನವನ್ನು ಹಣ ತೆತ್ತು ಕೊಂಡುಕೊಳ್ಳುತ್ತದೆ. ಕೊಳ್ಳಲು ಹಣವಿಲ್ಲದ ಕಡೆ ಲೇಖನವಿಲ್ಲ.

ಲೇಖನ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪಶ್ಚಿಮ ಆಫ್ರಿಕದ ಲೈಬೀರಿಯದಲ್ಲಿ ನಡೆದದ್ದನ್ನು ನೆನೆದರೆ ಮನಸ್ಸು ಕಲಕುತ್ತದೆ. 2014ರಲ್ಲಿ ಆ ಪುಟ್ಟ ದೇಶವನ್ನು ಎಬೋಲಾ ಮಾರಿ ಹೊಕ್ಕು 4,800ಕ್ಕೂ ಮಿಕ್ಕ ಜನರನ್ನು ಬಲಿತೆಗೆದುಕೊಂಡಿತು. ಆ ರೋಗ ತಮ್ಮ ನೆಲದಲ್ಲಿ ಇದ್ದಿರಬಹುದೆಂಬ ಕಲ್ಪನೆಯೇ ಅಲ್ಲಿನ ವೈದ್ಯರಿಗೆ ಇರಲಿಲ್ಲ. ಆದರೆ 1982ರಷ್ಟು ಹಿಂದೆಯೇ ಯೂರೋಪಿನ ಸಂಶೋಧಕರು ಲೈಬೀರಿಯದ ಜನರ ರಕ್ತವನ್ನು ಪರೀಕ್ಷಿಸಿ, ಆ ದೇಶವನ್ನು ಎಬೋಲಾದ ನೆಲೆಗಳಲ್ಲಿ ಸೇರಿಸತಕ್ಕದ್ದೆಂದು ವೈರಾಣುಶಾಸ್ತ್ರದ ಪತ್ರಿಕೆಯೊಂದರಲ್ಲಿ ಸ್ಪಷ್ಟವಾಗಿ ಬರೆದಿದ್ದರು. ಲೈಬೀರಿಯದ ಆರೋಗ್ಯಾಧಿಕಾರಿಗಳೇ 2015ರ ಏಪ್ರಿಲಿನಲ್ಲಿ ಪತ್ರಿಕಾ ಲೇಖನವೊಂದರಲ್ಲಿ ಈ ಸಂಗತಿಯನ್ನು ಬಹಿರಂಗಪಡಿಸಿ, ಆ ಹಳೆಯ ಲೇಖನವನ್ನು ಇಂದು ಓದಬೇಕೆಂದರೂ 45 ಡಾಲರು ಕೊಡಬೇಕೆಂದೂ, ಅದು ತಮ್ಮಲ್ಲಿನ ವೈದ್ಯನೊಬ್ಬನ ಅರ್ಧ ವಾರದ ಸಂಬಳವೆಂದೂ ಹೇಳಿದರು. ಲೇಖನವನ್ನು ಓದಿದ್ದರೆ ಮಾರಿ ಬರುತ್ತಲೇ ಇರಲಿಲ್ಲವೆಂದು ಹೇಳುವುದು ಅತ್ಯುಕ್ತಿಯಾದೀತು. ಯಾರ ರಕ್ತದಿಂದ ಆ ಜ್ಞಾನ ಹುಟ್ಟಿತೋ ಅವರ ಮನೆಯ ಬಾಗಿಲಿಗೇ ಅದು ಬರಲಿಲ್ಲವೆಂಬುದು ಮಾತ್ರ ಅತ್ಯುಕ್ತಿಯಲ್ಲ.

ನಮ್ಮ ನಾಡಿನವರಿಗೆ ಮುಚ್ಚಿದ ಜ್ಞಾನದ ಚಿತ್ರ ಹೊಸದಲ್ಲ. ಮೂಡಬಿದಿರೆಯ ಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಎಂಬ ಜೈನ ಸಿದ್ಧಾಂತಗ್ರಂಥಗಳ ತಾಳೆಯ ಓಲೆಗಳು, ಹಳಗನ್ನಡ ಲಿಪಿಯಲ್ಲಿ ಬರೆದವು, ಶತಮಾನಗಳ ಕಾಲ ಭಕ್ತಾದಿಗಳ ದರ್ಶನಕ್ಕೆ ಇದ್ದವೇ ವಿನಾ ವ್ಯಾಸಂಗಕ್ಕೆ ಇರಲಿಲ್ಲ. ಯಾತ್ರಿಕನು ದೂರದಿಂದ ಬಂದು, ಕೈಮುಗಿದು, ಕಾಣಿಕೆಯಿಟ್ಟು ಹಿಂದಿರುಗುತ್ತಿದ್ದನು. ಒಳಗೆ ಏನು ಬರೆದಿದೆಯೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಅವುಗಳ ಕಾವಲುಗಾರರನ್ನು ನಾನು ನಿಂದಿಸಲಾರೆ, ಏಕೆಂದರೆ ಆ ಕಾವಲಿಲ್ಲದಿದ್ದರೆ ಓಲೆಗಳೇ ಉಳಿಯುತ್ತಿರಲಿಲ್ಲ. ಆದರೆ ನಕಲಿನ ಕಾರ್ಯ ನಡೆದು, ಪ್ರತಿಯೊಂದು ಆ ಊರಿನ ಹೊರಗೆ ಸಂಚಾರ ಹೊರಟು, 1939ರಿಂದ ಮೊದಲ್ಗೊಂಡು ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾ ಟೀಕೆಯೊಡನೆ ಅದರ ಮೂಲಗ್ರಂಥವಾದ ಷಟ್ಖಂಡಾಗಮವು ಅಮರಾವತಿಯಿಂದ 16 ಸಂಪುಟಗಳಾಗಿ ಅಚ್ಚಾಗತೊಡಗಿದ ಮೇಲೆಯೇ, ಅದರೊಳಗಿನ ಗಣಿತವೇನು, ಕರ್ಮಸಿದ್ಧಾಂತವೇನು ಎಂಬುದು ಪಂಡಿತರ ಚರ್ಚೆಗೆ ದೊರೆಯಿತು. ಓಲೆಗಳು ಈಗಲೂ ಪೂಜ್ಯವಾಗಿಯೇ ಇವೆ. ತೆರೆದುದರಿಂದ ಅವುಗಳ ಮಹಿಮೆ ಕುಗ್ಗಲಿಲ್ಲ.

ಬಾಗಿಲನ್ನು ತೆರೆಯುವ ದಾರಿಗಳಿಗೆ ಈ ವಿಷಯದ ತಜ್ಞರು ಬಣ್ಣಗಳ ಹೆಸರನ್ನಿಟ್ಟಿದ್ದಾರೆ. ಪತ್ರಿಕೆಯೇ ತನ್ನ ಲೇಖನಗಳನ್ನು ತೆರೆದಿಡುವುದು ಚಿನ್ನದ ದಾರಿ. ಇದರಲ್ಲಿ ಓದುಗನಿಂದ ಕೀಳದ ಹಣವನ್ನು ಅನೇಕ ಕಡೆ ಲೇಖಕನಿಂದ ಕೇಳುತ್ತಾರೆ. ನೇಚರ್ ಪತ್ರಿಕೆಯು 2020ರ ನವೆಂಬರಿನಲ್ಲಿ ಒಂದು ಲೇಖನಕ್ಕೆ 9,500 ಯೂರೋ ಎಂದು ಸಾರಿದಾಗ, ಓದುವ ಬಾಗಿಲು ತೆರೆದು ಬರೆಯುವ ಬಾಗಿಲು ಮುಚ್ಚಿತಲ್ಲಾ ಎಂದು ಬಡದೇಶಗಳ ವಿಜ್ಞಾನಿಗಳು ಮರುಗಿದ್ದು ನ್ಯಾಯವೇ ಆಗಿದೆ. ಲೇಖಕನಿಂದಲೂ ಓದುಗನಿಂದಲೂ ಹಣ ತೆಗೆದುಕೊಳ್ಳದ ಪತ್ರಿಕೆಗಳದು ವಜ್ರದ ದಾರಿ. ರಾಮನ್ನರೇ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು, ಈ ಹೆಸರು ಹುಟ್ಟುವುದಕ್ಕೆ ಮೊದಲೇ ತನ್ನ ಪತ್ರಿಕೆಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟು ಆ ದಾರಿಯಲ್ಲಿ ನಡೆಯಿತೆಂಬುದು ನಮಗೆ ಅಭಿಮಾನದ ವಿಷಯ. ಮೂರನೆಯದು ಹಸಿರು ದಾರಿ. ಲೇಖಕನು ತನಗೆ ಬೇಕಾದ ಪತ್ರಿಕೆಯಲ್ಲಿಯೇ ಪ್ರಕಟಿಸಿ, ತಜ್ಞರ ಪರಿಶೀಲನೆಯಾಗಿ ಅಂಗೀಕೃತವಾದ ತನ್ನದೇ ಹಸ್ತಪ್ರತಿಯನ್ನು ಭಂಡಾರದಲ್ಲಿ ಇಡುವುದು. ಇದಕ್ಕೆ ಲೇಖಕನು ತೆರಬೇಕಾದ ಹಣ ಸೊನ್ನೆ. ನನ್ನ ಮಾತೆಲ್ಲವೂ ಈ ಮೂರನೆಯ ದಾರಿಯದ್ದು; ಏಕೆಂದರೆ ಇದೊಂದೇ ಪ್ರಕಾಶಕನ ಔದಾರ್ಯಕ್ಕಾಗಿ ಕಾಯದೆ, ಸರ್ಕಾರದ ಬೊಕ್ಕಸಕ್ಕಾಗಿ ಕಾಯದೆ, ಬರೆದವನು ತಾನೇ ಇಂದು ಸಂಜೆ ಮಾಡಿ ಮುಗಿಸಬಹುದಾದದ್ದು.

ಸರ್ಕಾರದ ಪ್ರಯತ್ನವನ್ನು ನಾನು ಲಘುವಾಗಿ ಕಾಣುವವನಲ್ಲ. 2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು ‘ಒಂದು ರಾಷ್ಟ್ರ ಒಂದು ಚಂದಾ’ ಎಂಬ ಯೋಜನೆಗೆ ಮೂರು ವರ್ಷಗಳಿಗಾಗಿ 6,000 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿ, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು 6,300ಕ್ಕೂ ಹೆಚ್ಚು ಸರ್ಕಾರಿ ವಿದ್ಯಾಸಂಸ್ಥೆಗಳಿಗೂ ಸಂಶೋಧನಾಲಯಗಳಿಗೂ ಒದಗಿಸಿತು. ಸಣ್ಣ ಊರಿನ ಸರ್ಕಾರಿ ಕಾಲೇಜಿನ ಅಧ್ಯಾಪಕನಿಗೆ ಇದು ದೊಡ್ಡ ಉಪಕಾರವೇ ಸರಿ. ಆದರೂ ಖಾಸಗಿ ಕಾಲೇಜಿನ ಅಧ್ಯಾಪಕಿ, ತಾಲ್ಲೂಕು ಕೇಂದ್ರದಲ್ಲಿ ಸ್ವಂತ ಔಷಧಾಲಯ ನಡೆಸುವ ವೈದ್ಯ, ನಿವೃತ್ತನಾದ ಮೇಲೂ ಓದು ಬಿಡದ ಎಂಜಿನಿಯರು, ತನ್ನ ಅಡಕೆಯ ಕೊಳೆರೋಗದ ವಿಷಯವಾಗಿ ತಿಳಿಯಬಯಸುವ ವಿದ್ಯಾವಂತ ರೈತ, ಇವರೆಲ್ಲರೂ ಆ ಚಂದಾದ ಹೊರಗೇ ಉಳಿದರು. ಚಂದಾ ಎಂಬುದು ಅವಧಿ ತೀರಿದ ಒಡನೆ ಮತ್ತೆ ತೆರಬೇಕಾದ ಬಾಡಿಗೆ. ಭಂಡಾರದಲ್ಲಿಟ್ಟ ಪ್ರತಿ ಸ್ವಂತದ್ದು.

ಸ್ವಯಂಸಂಗ್ರಹವು ಒಂದು ಅಭ್ಯಾಸವಾಗಿ ಬೇರೂರಿದ್ದು ಭೌತವಿಜ್ಞಾನಿಗಳಲ್ಲಿ. ಪತ್ರಿಕೆಯಲ್ಲಿ ಅಚ್ಚಾಗುವ ತನಕ ಕಾಯಲಾರದೆ ಅವರು ತಮ್ಮ ಲೇಖನಗಳ ಬೆರಳಚ್ಚು ಪ್ರತಿಗಳನ್ನು ಪರಸ್ಪರ ಟಪಾಲಿನಲ್ಲಿ ಕಳುಹಿಸಿಕೊಳ್ಳುತ್ತಿದ್ದರು. ಪ್ರಿಪ್ರಿಂಟ್ ಎಂಬ ಹೆಸರಿನ ಈ ಪ್ರತಿಗಳು ಪ್ರಸಿದ್ಧ ಸಂಸ್ಥೆಗಳಿಗೆ ಮೊದಲೂ, ದೂರದವರಿಗೆ ತಡವಾಗಿಯೂ, ಅಪ್ರಸಿದ್ಧರಿಗೆ ಎಂದೂ ಇಲ್ಲದೆಯೂ ಹೋಗುತ್ತಿದ್ದವು. 1991ರ ಆಗಸ್ಟಿನಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಶಾಲೆಯಲ್ಲಿದ್ದ ಪಾಲ್ ಗಿನ್ಸ್‌ಪಾರ್ಗ್ ಎಂಬ ತರುಣ ಭೌತವಿಜ್ಞಾನಿಯು, ಈ ಪಂಕ್ತಿಭೇದವನ್ನು ತೊಡೆಯುವಂತೆ, ಪ್ರತಿಗಳನ್ನು ಒಂದು ಗಣಕಯಂತ್ರದಲ್ಲಿಟ್ಟು ಕೇಳಿದವರಿಗೆಲ್ಲಾ ಇ-ಮೇಲಿನ ಮೂಲಕ ತಾನಾಗಿ ತಲಪಿಸುವ ಏರ್ಪಾಡನ್ನು ಮಾಡಿದನು. ವರ್ಷಕ್ಕೆ ನೂರು ಲೇಖನಗಳು ಬಂದರೆ ಹೆಚ್ಚೆಂದು ಆತನ ಎಣಿಕೆ. ಮೊದಲ ಅರ್ಧ ವರ್ಷದಲ್ಲಿಯೇ ನಾನೂರು ಬಂದವು. ಆರ್ಕೈವ್ ಎಂಬ ಹೆಸರಿನಿಂದ 2001ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯಕ್ಕೆ ಸಾಗಿದ ಆ ಭಂಡಾರದಲ್ಲಿ ಇಂದು ಇಪ್ಪತ್ತು ಲಕ್ಷಕ್ಕೂ ಮಿಕ್ಕ ಲೇಖನಗಳಿವೆ. ನೂರು ವರ್ಷ ಗಣಿತಜ್ಞರನ್ನು ಕಾಡಿದ ಪ್ವಾಂಕರೆಯ ಊಹೆಯನ್ನು ಬಿಡಿಸಿದ ಗ್ರಿಗೊರಿ ಪೆರೆಲ್ಮನ್ನನು 2002ರ ನವೆಂಬರಿನಿಂದ ತನ್ನ ಪ್ರಬಂಧಗಳನ್ನು ಇಟ್ಟದ್ದು ಅಲ್ಲಿಯೇ. ಯಾವ ಪತ್ರಿಕೆಗೂ ಆತನು ಅವನ್ನು ಕಳುಹಿಸಲಿಲ್ಲ, ಆದರೂ ಲೋಕದ ಗಣಿತಜ್ಞರು ಓದಿ, ಪರೀಕ್ಷಿಸಿ, ಒಪ್ಪಿಕೊಂಡರು.

ಭೌತವಿಜ್ಞಾನಿಗಳಿಗೆ ಸಾಧ್ಯವಾದದ್ದು ಮಿಕ್ಕವರಿಗೇಕೆ ಸಾಧ್ಯವಾಗಬಾರದು? 1994ರ ಜೂನಿನಲ್ಲಿ ಸ್ಟೀವನ್ ಹಾರ್ನಾಡ್ ಎಂಬ ವಿದ್ವಾಂಸರು ಇದನ್ನೇ ಕೇಳಿ, ಪ್ರತಿಯೊಬ್ಬ ಸಂಶೋಧಕನೂ ತನ್ನ ಲೇಖನಗಳನ್ನು ತಾನೇ ತೆರೆದಿಡತಕ್ಕದ್ದೆಂದು ಸೂಚಿಸಿದರು. ಅವರಿದ್ದ ಸೌತಾಂಪ್ಟನ್ ವಿಶ್ವವಿದ್ಯಾನಿಲಯವು 2000ದ ಹೊತ್ತಿಗೆ ಇಪ್ರಿಂಟ್ಸ್ ಎಂಬ ತಂತ್ರಾಂಶವನ್ನು ಮಾಡಿ ಉಚಿತವಾಗಿ ಹಂಚಿತು. 2002ರ ಫೆಬ್ರವರಿಯಲ್ಲಿ ಬುಡಾಪೆಸ್ಟಿನ ಘೋಷಣೆ ಹೊರಟು, ಮುಕ್ತ ಪ್ರವೇಶವೆಂಬ ಮಾತಿಗೆ ಖಚಿತವಾದ ಅರ್ಥ ಬಂದಿತು.

ಈ ಚಳವಳಿಯ ಚರಿತ್ರೆಯಲ್ಲಿ ಕರ್ನಾಟಕದ ಹೆಸರು ಅಂಚಿನಲ್ಲಿಲ್ಲ, ನಡುವೆಯೇ ಇದೆ. ನಮ್ಮವರಿಗೆ ಇದು ತಿಳಿದಿಲ್ಲದಿರುವುದು ಖೇದಕರ. ಬುಡಾಪೆಸ್ಟಿನ ಘೋಷಣೆಯಾದ ಅದೇ 2002ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ರಾಷ್ಟ್ರೀಯ ವಿಜ್ಞಾನ ಮಾಹಿತಿ ಕೇಂದ್ರದವರು, ಟಿ. ಬಿ. ರಾಜಶೇಖರರ ನೇತೃತ್ವದಲ್ಲಿ, ಆ ಇಪ್ರಿಂಟ್ಸ್ ತಂತ್ರಾಂಶವನ್ನೇ ಬಳಸಿ ಭಾರತದ ಮೊಟ್ಟಮೊದಲ ಸಾಂಸ್ಥಿಕ ಭಂಡಾರವನ್ನು ತೆರೆದರು. ಅದಕ್ಕೂ ಮುಂಚೆ, 2000ದಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಗ್ರಂಥಾಲಯ ವಿಜ್ಞಾನ ವಿಭಾಗದಲ್ಲಿ ಶಾಲಿನಿ ಅರಸ್ ಅವರು ‘ವಿದ್ಯಾನಿಧಿ’ ಎಂಬ ಅನ್ವರ್ಥನಾಮದಿಂದ ಭಾರತೀಯ ಡಾಕ್ಟರೇಟ್ ಮಹಾಪ್ರಬಂಧಗಳ ಅಂಕೀಯ ಗ್ರಂಥಾಲಯವನ್ನು ಕಟ್ಟಹೊರಟು, ಕನ್ನಡದ ಪ್ರಬಂಧಗಳ ವಿವರಗಳನ್ನು ಕನ್ನಡ ಲಿಪಿಯಲ್ಲಿಯೇ ಯೂನಿಕೋಡಿನಲ್ಲಿ ದಾಖಲಿಸುವ ಶ್ರಮವನ್ನು ವಹಿಸಿದರು. ಮಹಾಪ್ರಬಂಧವನ್ನು ವಿದ್ಯುನ್ಮಾನ ರೂಪದಲ್ಲಿ ಒಪ್ಪಿಸತಕ್ಕದ್ದೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗವು ನಿಯಮ ಮಾಡಿದ್ದು 2009ರಲ್ಲಿ. ಇಂದು ಲಕ್ಷಾಂತರ ಪ್ರಬಂಧಗಳನ್ನು ಹೊತ್ತಿರುವ ‘ಶೋಧಗಂಗಾ’ ಹರಿಯುವುದಕ್ಕೆ ಎಷ್ಟೋ ಮೊದಲು ಮೈಸೂರಿನಲ್ಲಿ ಒರತೆ ತೆಗೆದಾಗಿತ್ತು. 2006ರ ನವೆಂಬರಿನಲ್ಲಿ ವಿಜ್ಞಾನ ಸಂಸ್ಥೆಯಲ್ಲಿಯೇ ದೇಶವಿದೇಶಗಳ ತಜ್ಞರು ಕೂಡಿ, ಅಭಿವೃದ್ಧಿಶೀಲ ರಾಷ್ಟ್ರಗಳಿಗೆ ಒಪ್ಪುವ ಮುಕ್ತ ಪ್ರವೇಶ ನೀತಿಯೊಂದರ ಕರಡನ್ನು ರಚಿಸಿದರು. 2014ರ ಡಿಸೆಂಬರಿನಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ವಿಜ್ಞಾನ ಹಾಗೂ ತಂತ್ರಜ್ಞಾನ ಇಲಾಖೆಗಳು, ತಮ್ಮ ಹಣದಿಂದ ನಡೆದ ಸಂಶೋಧನೆಯ ಲೇಖನಗಳನ್ನು ಭಂಡಾರದಲ್ಲಿ ಇಡತಕ್ಕದ್ದೆಂದು ವಿಧಿಸಿದವು.

ಭಂಡಾರವಿದೆ, ವಿಧಿಯಿದೆ, ತಂತ್ರಾಂಶ ಉಚಿತ. ಆದರೂ ತಾವಾಗಿ ಬಂದು ಇಡುವವರು ಸ್ವಲ್ಪ. ಇದು ನಮ್ಮ ದೇಶದ ದೋಷ ಮಾತ್ರವಲ್ಲ. ಅಲ್ಮಾ ಸ್ವಾನ್ ಮತ್ತು ಶೆರಿಡನ್ ಬ್ರೌನ್ ಎಂಬಿಬ್ಬರು 2005ರಲ್ಲಿ ನಾನಾ ದೇಶಗಳ ಸಂಶೋಧಕರನ್ನು ವಿಚಾರಿಸಿದಾಗ, ಹಿಂದಿನ ಮೂರು ವರ್ಷಗಳಲ್ಲಿ ಒಂದಾದರೂ ಲೇಖನವನ್ನು ಯಾವುದಾದರೊಂದು ರೀತಿಯಲ್ಲಿ ತೆರೆದಿಟ್ಟಿದ್ದವರು ನೂರಕ್ಕೆ 49 ಮಂದಿ. ಸಂಸ್ಥೆಯವರು ಕಡ್ಡಾಯ ಮಾಡಿದರೆ ನೀವೇನು ಮಾಡುವಿರಿ ಎಂಬ ಪ್ರಶ್ನೆಗೆ, ನೂರಕ್ಕೆ 81 ಮಂದಿ ಸಂತೋಷದಿಂದ ಇಡುವೆವೆಂದರು. ಈ ಎರಡು ಅಂಕಿಗಳನ್ನು ಜೊತೆಗಿಟ್ಟು ನೋಡಿದರೆ ಮನುಷ್ಯಸ್ವಭಾವದ ಒಂದು ಗುಟ್ಟು ಕಾಣುತ್ತದೆ. ವಿದ್ವಾಂಸನಿಗೆ ಇಡಬಾರದೆಂಬ ಹಠವಿಲ್ಲ. ಇಡುವ ಕೆಲಸವು ಅವನ ದಿನಚರಿಯಲ್ಲಿ ಇಲ್ಲ. ಲೇಖನ ಒಪ್ಪಿತವಾಯಿತೆಂಬ ಸುದ್ದಿ ಬಂದ ದಿನ ಅವನ ಮನಸ್ಸು ಆಗಲೇ ಮುಂದಿನ ಪ್ರಯೋಗದಲ್ಲಿಯೋ, ಪರೀಕ್ಷಾ ಪತ್ರಿಕೆಗಳ ರಾಶಿಯಲ್ಲಿಯೋ ಇರುತ್ತದೆ. ಒಂದು ಲೇಖನವನ್ನು ಭಂಡಾರಕ್ಕೆ ಸೇರಿಸಲು ಹಿಡಿಯುವ ಕಾಲ ಸುಮಾರು ಹತ್ತು ನಿಮಿಷವೆಂದು ಸೌತಾಂಪ್ಟನ್ನಿನವರು ಅಳೆದು ನೋಡಿದ್ದರು. ಯಾರ ಪಾಲಿಗೂ ನಿಶ್ಚಿತವಾಗಿಲ್ಲದ ಹತ್ತು ನಿಮಿಷ ಎಂದೂ ಬರುವುದಿಲ್ಲ.

ದಿನಚರಿಯ ಮಾತು ಹಾಗಿರಲಿ, ಹೆದರಿಕೆಗಳೂ ಇವೆ. ಕಾರ್ನೆಲ್ ವಿಶ್ವವಿದ್ಯಾನಿಲಯದ ಭಂಡಾರವು ಬಹುಪಾಲು ಬರಿದಾಗಿರುವುದೇಕೆಂದು ಫಿಲಿಪ್ ಡೇವಿಸ್ ಮತ್ತು ಮ್ಯಾಥ್ಯೂ ಕಾನಲಿ 2007ರಲ್ಲಿ ಅಲ್ಲಿನ ಅಧ್ಯಾಪಕರನ್ನೇ ಕೇಳಿದಾಗ, ಅವರು ಹೇಳಿದ ಕಾರಣಗಳು ನಮ್ಮಲ್ಲಿನ ಯಾವ ವಿಭಾಗದ ಕೊಠಡಿಯಲ್ಲಿ ಕೇಳಿದರೂ ಬರುವಂಥವೇ: ಗ್ರಂಥಸ್ವಾಮ್ಯದ ಗೊಂದಲ, ಕೃತಿಚೌರ್ಯದ ಭಯ, ತನ್ನ ವಿಚಾರವನ್ನು ಬೇರೊಬ್ಬನು ಮುಂಚಿತವಾಗಿ ಹಾರಿಸಿಕೊಂಡು ಹೋದಾನೆಂಬ ಶಂಕೆ, ಗುಣಮಟ್ಟವರಿಯದ ಬರವಣಿಗೆಗಳ ನಡುವೆ ತನ್ನದು ಕುಳಿತೀತೆಂಬ ಸಂಕೋಚ, ಹೊಸ ವ್ಯವಸ್ಥೆಯನ್ನು ಕಲಿಯುವ ಬೇಸರ.

ಗ್ರಂಥಸ್ವಾಮ್ಯದ ವಿಷಯದಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಇಲ್ಲಿ ಅಜ್ಞಾನವೇ ಬೀಗವಾಗಿದೆ. ಒಂದು ಲೇಖನಕ್ಕೆ ಮೂರು ಅವಸ್ಥೆಗಳು. ಪತ್ರಿಕೆಗೆ ಕಳುಹಿಸುವುದಕ್ಕೆ ಮೊದಲಿನದು ಪ್ರಿಪ್ರಿಂಟ್. ತಜ್ಞರು ಹೇಳಿದಂತೆ ತಿದ್ದಿ, ಸಂಪಾದಕರು ಒಪ್ಪಿದ, ಆದರೆ ಪ್ರಕಾಶಕರ ಪುಟವಿನ್ಯಾಸಕ್ಕೆ ಇನ್ನೂ ಒಳಪಡದ ಲೇಖಕನದೇ ಪ್ರತಿ ಅಂಗೀಕೃತ ಹಸ್ತಪ್ರತಿ. ಪ್ರಕಾಶಕರ ಮುದ್ರೆ, ಪುಟಸಂಖ್ಯೆಗಳೊಡನೆ ಹೊರಬರುವುದು ಪ್ರಕಟಿತ ಪ್ರತಿ. ದೊಡ್ಡ ಪ್ರಕಾಶಕರಲ್ಲಿ ಬಹುಮಂದಿ, ಎರಡನೆಯದಾದ ಅಂಗೀಕೃತ ಹಸ್ತಪ್ರತಿಯನ್ನು ಸಂಸ್ಥೆಯ ಭಂಡಾರದಲ್ಲಿಡಲು, ಆರು ತಿಂಗಳೋ ಹನ್ನೆರಡು ತಿಂಗಳೋ ಅದಕ್ಕೂ ಹೆಚ್ಚೋ ಕಾದು ತೆರೆಯಲು, ತಾವಾಗಿಯೇ ಅನುಮತಿ ಕೊಟ್ಟಿದ್ದಾರೆ. ಯಾವ ಪತ್ರಿಕೆಯ ನಿಯಮ ಏನೆಂಬುದನ್ನು ಮೊದಲು ಶೆರ್ಪಾ ರೋಮಿಯೋ ಎಂಬ ಹೆಸರಿದ್ದ ಉಚಿತ ಸೂಚಿಯಲ್ಲಿ ಪತ್ರಿಕೆಯ ಹೆಸರನ್ನು ಬರೆದು ಯಾರು ಬೇಕಾದರೂ ಕಾಣಬಹುದು. ಆದರೆ ನಮ್ಮ ಸಂಶೋಧಕರ ರೂಢಿ ಹೇಗಿದೆಯೆಂದರೆ, ಅನುಮತಿಯಿರುವ ಹಸ್ತಪ್ರತಿಯನ್ನು ಅವರು ಭಂಡಾರದಲ್ಲಿಡುವುದಿಲ್ಲ. ಬಹುತೇಕ ಅನುಮತಿಯಿಲ್ಲದ ಪ್ರಕಟಿತ ಪ್ರತಿಯನ್ನು ರಿಸರ್ಚ್‌ಗೇಟ್ ಎಂಬ ಜಾಲತಾಣದಲ್ಲಿಯೂ ವಾಟ್ಸ್ಯಾಪ್ ಗುಂಪುಗಳಲ್ಲಿಯೂ ಉದಾರವಾಗಿ ಹಂಚುತ್ತಾರೆ. ‘ಪಿಡಿಎಫ್ ಇದ್ದರೆ ಕಳಿಸಿ ಸಾರ್’ ಎಂಬುದು ಹಳೆಯ ಕಾರ್ಡಿನ ಇಂದಿನ ರೂಪ. ಆ ಕೇಳುವಿಕೆಯಲ್ಲಿಯೂ ಕಳುಹಿಸುವುದರಲ್ಲಿಯೂ ಒಳ್ಳೆಯತನವೇ ಇದೆ. ಆದರೆ ವಾಟ್ಸ್ಯಾಪಿನಲ್ಲಿ ಹೋದ ಪ್ರತಿ ಮಾರನೆಯ ದಿನ ಮದುವೆಯ ಕರೆಯೋಲೆಗಳ ಕೆಳಗೆ ಹೂತುಹೋಗುತ್ತದೆ. ಖಾಸಗಿ ಕಂಪನಿಯ ಜಾಲತಾಣದಲ್ಲಿಟ್ಟದ್ದು ಆ ಕಂಪನಿ ಇರುವಷ್ಟು ದಿನ, ಅದು ಇಚ್ಛಿಸುವಷ್ಟು ದಿನ. ವಿಶ್ವವಿದ್ಯಾನಿಲಯದ ಭಂಡಾರಕ್ಕೆ ಗ್ರಂಥಪಾಲಕನೊಬ್ಬನು ಉತ್ತರವಾದಿ.

ಮಿಕ್ಕ ಭಯಗಳಿಗೆ ಉತ್ತರ ಸಣ್ಣದು. ತಾರೀಖಿನ ಸಮೇತ ಬಹಿರಂಗವಾಗಿರುವ ಲೇಖನವನ್ನು ಕದಿಯುವುದೇ ಕಷ್ಟ, ಕದ್ದವನು ಸಿಕ್ಕಿಬೀಳುವುದೇ ಸುಲಭ. ಅಂಗೀಕೃತ ಹಸ್ತಪ್ರತಿಯು ಪರಿಶೀಲನೆಯಲ್ಲಿ ಗೆದ್ದು ಬಂದದ್ದಾದುದರಿಂದ ಗುಣಮಟ್ಟದ ಸಂಕೋಚಕ್ಕೆ ಎಡೆಯಿಲ್ಲ.

ಅಭ್ಯಾಸವನ್ನು ಹುಟ್ಟಿಸುವುದು ಉಪದೇಶದಿಂದ ಆಗದೆಂಬುದನ್ನು ಬೆಲ್ಜಿಯಮ್ಮಿನ ಲಿಯೇಜ್ ವಿಶ್ವವಿದ್ಯಾನಿಲಯ ಕಂಡುಕೊಂಡಿತು. ಅದರ ಮುಖ್ಯಸ್ಥರಾಗಿದ್ದ ಬರ್ನಾರ್ಡ್ ರಾಂತಿಯೇ ಅವರು 2007ರಲ್ಲಿ ಒಂದು ಸರಳ ನಿಯಮವನ್ನು ತಂದರು: ಅಧ್ಯಾಪಕರ ಬಡ್ತಿಯನ್ನು ಪರಿಶೀಲಿಸುವಾಗ, ವಿಶ್ವವಿದ್ಯಾನಿಲಯದ ಓರ್ಬಿ ಎಂಬ ಭಂಡಾರದಲ್ಲಿ ದಾಖಲಾಗಿರುವ ಲೇಖನಗಳನ್ನು ಮಾತ್ರ ಗಣನೆಗೆ ತೆಗೆದುಕೊಳ್ಳಲಾಗುವುದು. ದಂಡವಿಲ್ಲ, ಗದರಿಕೆಯಿಲ್ಲ. ಹೇಗಿದ್ದರೂ ಬಡ್ತಿಯ ಅರ್ಜಿಗಾಗಿ ಪ್ರತಿಯೊಬ್ಬನೂ ತನ್ನ ಲೇಖನಗಳ ಪಟ್ಟಿಯನ್ನು ಮಾಡಲೇಬೇಕಷ್ಟೆ; ಆ ಪಟ್ಟಿ ಮಾಡುವ ಸ್ಥಳವನ್ನು ಬದಲಾಯಿಸಿದರು, ಅಷ್ಟೇ. ಲಿಯೇಜಿನ ಭಂಡಾರ ಲೋಕಕ್ಕೆ ಮಾದರಿಯಾಯಿತು. ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಅಧ್ಯಾಪಕರು ಬಡ್ತಿಗಾಗಿ ಲೇಖನಗಳ ನೆರಳಚ್ಚು ಪ್ರತಿಗಳನ್ನು ಕಂತೆಕಟ್ಟಿ ಒಪ್ಪಿಸುವುದನ್ನು ಕಂಡಾಗಲೆಲ್ಲಾ, ಆ ಕಂತೆಯು ಕಛೇರಿಯ ಕಪಾಟಿಗೆ ಹೋಗುವುದರ ಬದಲು ಭಂಡಾರಕ್ಕೆ ಹೋಗಿದ್ದರೆ ಎಷ್ಟು ಓದುಗರಿಗೆ ಉಪಕಾರವಾಗುತ್ತಿತ್ತೆಂದು ನನ್ನ ಮನಸ್ಸು ಮರುಗುತ್ತದೆ.

ಈವರೆಗೆ ಹೇಳಿದ್ದು ಇಂಗ್ಲಿಷಿನಲ್ಲಿ ಬರೆಯುವ ವಿಜ್ಞಾನಿಗಳ ಮಾತಾಯಿತು. ಕನ್ನಡದಲ್ಲಿ ಸಂಶೋಧನೆ ಮಾಡುವ ನಮ್ಮವರ ಸ್ಥಿತಿ ಬೇರೆ. ನನ್ನ ದೃಷ್ಟಿಯಲ್ಲಿ ಹೆಚ್ಚು ಚಿಂತಾಜನಕ. ಶಾಸನ, ಹಸ್ತಪ್ರತಿ, ಜಾನಪದ, ವ್ಯಾಕರಣ, ಸ್ಥಳನಾಮ, ಈ ಕ್ಷೇತ್ರಗಳ ಕನ್ನಡ ಲೇಖನಗಳಿಗೆ ಪರದೇಶದ ಪ್ರಕಾಶಕನು ಬೀಗ ಹಾಕಿಲ್ಲ. ಅವು ಅಚ್ಚಾಗುವುದು ಅಭಿನಂದನ ಗ್ರಂಥಗಳಲ್ಲಿ, ಸ್ಮರಣ ಸಂಚಿಕೆಗಳಲ್ಲಿ, ವಿಚಾರಸಂಕಿರಣದ ಸಂಪುಟಗಳಲ್ಲಿ, ಎರಡು ಮೂರು ಸಂಚಿಕೆ ಬಂದು ನಿಂತ ಪತ್ರಿಕೆಗಳಲ್ಲಿ. ಐನೂರು ಪ್ರತಿ ಅಚ್ಚಾಗಿ, ಸಮಾರಂಭದ ದಿನ ಗಣ್ಯರಿಗೆ ಹಂಚಿಹೋಗಿ, ಆಮೇಲೆ ಅವು ಎಲ್ಲಿಯೂ ಇಲ್ಲ. ಇಲ್ಲಿ ಗೋಡೆಯನ್ನು ಕಟ್ಟಿದ್ದು ಬೆಲೆಯಲ್ಲ, ವಿರಳತೆ. ಇಲ್ಲಿ ಸಾಮಾನ್ಯವಾಗಿ ಲೇಖಕನು ಯಾವ ಕಾಗದಕ್ಕೂ ರುಜು ಹಾಕಿರುವುದಿಲ್ಲ. ಗ್ರಂಥಸ್ವಾಮ್ಯ ಅವನಲ್ಲಿಯೇ ಇರುತ್ತದೆ. ನಾಳೆಯೇ ಭಂಡಾರದಲ್ಲಿಟ್ಟರೆ ತಡೆಯುವವರಿಲ್ಲ. ಆದರೂ ಇಡುವವರಿಲ್ಲ.

ಇಟ್ಟವುಗಳಿಗೂ ಒಂದು ವಿಘ್ನವಿದೆ, ಅದನ್ನು ತಿಳಿದವರು ಆಗಾಗ್ಗೆ ಹೇಳುತ್ತಲೇ ಇದ್ದಾರೆ. ನಮ್ಮಲ್ಲಿ ಬಹುಕಾಲ ಬರಹವೋ ನುಡಿಯೋ ಇಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದರು. ತೆರೆಯ ಮೇಲೆ ಅದು ಕನ್ನಡವಾಗಿ ಕಾಣುತ್ತದೆ, ಯಂತ್ರದ ಕಣ್ಣಿಗೆ ಮಾತ್ರ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಇನ್ನು ಕೆಲವು ಪುಟದ ಛಾಯಾಚಿತ್ರಗಳು ಮಾತ್ರ. ಶೋಧಗಂಗೆಯಲ್ಲಿರುವ ಇಂಥ ಕನ್ನಡ ಮಹಾಪ್ರಬಂಧದೊಳಗೆ ‘ವೀರಗಲ್ಲು’ ಎಂದು ಕನ್ನಡದಲ್ಲಿ ಹುಡುಕಿದರೆ, ಆ ಶಬ್ದ ಪುಟಪುಟದಲ್ಲಿಯೂ ಇದ್ದರೂ ಯಂತ್ರವು ಇಲ್ಲವೆಂದು ಹೇಳುತ್ತದೆ. ಯೂನಿಕೋಡಿಗೆ ಪರಿವರ್ತಿಸಿ ಇಟ್ಟದ್ದು ಮಾತ್ರವೇ ನಿಜವಾಗಿ ತೆರೆದದ್ದು. ಪರಿವರ್ತಿಸುವ ಸಾಧನಗಳು ಈಗ ಉಚಿತವಾಗಿ ದೊರೆಯುತ್ತವೆ, ತಿದ್ದುವ ತಾಳ್ಮೆಯೊಂದು ಬೇಕು.

ಶಾಸನಗಳ ವ್ಯಾಸಂಗದಲ್ಲಿ ನಲವತ್ತು ವರ್ಷ ಸವೆಸಿ ನಿವೃತ್ತರಾಗಿರುವ ಮಿತ್ರರೊಬ್ಬರಿಗೆ ನಾನು ಈ ವಿಷಯವನ್ನು ಹೇಳಿ ಹೇಳಿ, ಕಡೆಗೆ ಕಳೆದ ಬೇಸಗೆಯಲ್ಲಿ ಅವರ ಮನೆಯಲ್ಲಿಯೇ ಎರಡು ಭಾನುವಾರ ಕುಳಿತೆನು. ಅವರ ಸ್ವಹಸ್ತದ ಪಟ್ಟಿಯಲ್ಲಿ ಅರವತ್ತಮೂರು ಲೇಖನಗಳಿದ್ದವು. ಕೆಲವು ಗಣಕಯಂತ್ರದಲ್ಲಿ ಹಳೆಯ ಫಾಂಟಿನಲ್ಲಿ ಸಿಕ್ಕಿದವು. ಕೆಲವು ಟ್ರಂಕಿನಲ್ಲಿ, ಗೆದ್ದಲು ಮುಟ್ಟದ ಬಿಡಿಪ್ರತಿಗಳಾಗಿ ದೊರೆತವು. ಎರಡನ್ನು ಅವರ ಹಳೆಯ ವಿದ್ಯಾರ್ಥಿನಿ ತನ್ನ ಟಿಪ್ಪಣಿಗಳೊಡನೆ ಜೋಪಾನವಾಗಿಟ್ಟುಕೊಂಡಿದ್ದಳು. ಮೊದಲನೆಯದನ್ನು ಪರಿವರ್ತಿಸಿ, ತಪ್ಪು ತಿದ್ದಿ, ಭಂಡಾರಕ್ಕೆ ಸೇರಿಸುವುದಕ್ಕೆ ನಮಗೆ ಒಂದು ಗಂಟೆ ಹಿಡಿಯಿತು. ಐದನೆಯದಕ್ಕೆ ಇಪ್ಪತ್ತು ನಿಮಿಷ. ಹತ್ತೊಂಬತ್ತು ಲೇಖನಗಳು ಯಾವ ರೂಪದಲ್ಲಿಯೂ ಸಿಕ್ಕಲಿಲ್ಲ. ಅವುಗಳಲ್ಲೊಂದು, ಊರೊಂದರ ಕೆರೆಯ ಏರಿಯ ಮೇಲಿದ್ದ ತುರುಗೊಳ್ ವೀರಗಲ್ಲಿನ ಏಳು ಸಾಲುಗಳನ್ನು ಅವರು ಮೊದಲ ಬಾರಿಗೆ ಓದಿ, ಆ ಊರ ಪ್ರೌಢಶಾಲೆಯ ರಜತೋತ್ಸವದ ಸ್ಮರಣ ಸಂಚಿಕೆಗೆ ಬರೆದುಕೊಟ್ಟ ಲೇಖನ. ರಸ್ತೆ ಅಗಲವಾದಾಗ ಕಲ್ಲು ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯದು. ಏಳರಲ್ಲಿ ನಾಲ್ಕು ಸಾಲುಗಳು ಮಾತ್ರ ಮಿತ್ರರಿಗೆ ನೆನಪಿನಲ್ಲಿವೆ. ಸಂಚಿಕೆಯ ಪ್ರತಿ ಯಾರ ಮನೆಯ ಅಟ್ಟದಲ್ಲಾದರೂ ಉಳಿದಿದ್ದೀತೇ ಎಂದು ಈಗ ಅವರು ಆ ಊರಿನ ಹಿರಿಯರಿಗೆ ಒಬ್ಬೊಬ್ಬರಿಗಾಗಿ ಕಾಗದ ಬರೆಯುತ್ತಿದ್ದಾರೆ.